ಸೈಲೆನ್ಸರ್ ಬದಲಿಸುವಾಗ ಯಾವ ನಟ್ಟು-ಬೋಲ್ಟು? ಮಳೆಗೆ ನಿಲ್ಲುವುದೂ ಬೇಕು, ಆಮೇಲೆ ಬಿಚ್ಚಲಿಕ್ಕೆ ಬರುವುದೂ ಬೇಕು

ಕೈಲ್ ಪೊಳ್ದ್ ಹಬ್ಬ ಕಳೆದು ಮಳೆ ಸ್ವಲ್ಪ ಹೊಳವಾದ ಕೂಡಲೇ ನಮ್ಮ ಕೊಡಗಿನ ಕಡೆ ಗ್ಯಾರೇಜುಗಳಲ್ಲಿ ಒಂದೇ ಸದ್ದು. ಮೇ ತಿಂಗಳಲ್ಲಿ ಬೆಕ್ಕಿನ ಹಾಗೆ ಓಡಾಡುತ್ತಿದ್ದ ಗಾಡಿ ಸೆಪ್ಟೆಂಬರಿಗೆ ಟ್ರ್ಯಾಕ್ಟರ್ ಥರ ಗುಡುಗುತ್ತ ಬರುತ್ತದೆ. ಸೈಲೆನ್ಸರ್ ತೂತು ಬಿದ್ದಿರುತ್ತದೆ, ಇಲ್ಲವೇ ಜಾಯಿಂಟಿನ ಪ್ಯಾಕಿಂಗ್ ಹಾರಿರುತ್ತದೆ. ಹೊಸ ಸೈಲೆನ್ಸರ್ ತರುವಾಗ ಹತ್ತು ಕಡೆ ರೇಟ್ ಕೇಳುತ್ತೇವೆ. ಅದನ್ನು ಹಿಡಿದುಕೊಳ್ಳುವ ನಾಲ್ಕಾರು ಬೋಲ್ಟನ್ನು ಮಾತ್ರ ಗ್ಯಾರೇಜಿನ ಎಣ್ಣೆ ಡಬ್ಬದಿಂದ ಹೆಕ್ಕಿ ಹಾಕಿಸಿಕೊಂಡು ಬರುತ್ತೇವೆ.

ನಾನೂ ಹಾಗೇ ಮಾಡಿದ್ದೆ. ಮೂರು ಮಳೆಗಾಲ ಕಳೆದ ಮೇಲೆ ನಮ್ಮ ಪಿಕಪ್ಪಿನ ಮುಂದಿನ ಪೈಪು ಬಿಚ್ಚಬೇಕಾಯಿತು. ಶೆಡ್ಡಿನಲ್ಲಿ ಮೇಸ್ತ್ರಿ ಕೆಳಗೆ ಮಲಗಿದ್ದರು, ನಾನು ಟಾರ್ಚ್ ಹಿಡಿದಿದ್ದೆ. ಮೂರು ಸ್ಟಡ್ಡಿನಲ್ಲಿ (ತಲೆಯಿಲ್ಲದ ಬೋಲ್ಟು) ಎರಡು ಹೇಗೋ ಬಂದವು. ಮೂರನೆಯದರ ನಟ್ಟು ಎಂಬುದು ನಟ್ಟಾಗಿ ಉಳಿದೇ ಇರಲಿಲ್ಲ, ಆರು ಮೂಲೆಯೂ ಕರಗಿ ಬೆಲ್ಲದ ಉಂಡೆ ಥರ ಆಗಿತ್ತು. ಸ್ಪ್ಯಾನರ್ ಕೂರುವುದೇ ಇಲ್ಲ. ಸುತ್ತಿಗೆಯಲ್ಲಿ ಸಣ್ಣ ಸಾಕೆಟ್ಟನ್ನು ಬಡಿದು ಕೂರಿಸಿ ಎಳೆದರು. "ಅಣ್ಣ, ಇದು ಬಿಚ್ಚುವುದಲ್ಲ, ಮುರಿಯುವುದೇ" ಅಂದರು. ಅಂದು ಮುಗಿಸುವುದರೊಳಗೆ ಟಕ್ ಅಂತ ಸದ್ದು. ಎಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡಿನ ಮುಖಕ್ಕೆ ಸಮನಾಗಿ ಮುರಿದಿತ್ತು, ಹಿಡಿಯಲಿಕ್ಕೆ ಒಂದು ಚೂರೂ ಇಲ್ಲ. ಪೈಪು ಕೂರಿಸಲಿಕ್ಕೆ ಅರ್ಧ ಗಂಟೆ, ಆ ಮುರಿದ ತುಂಡನ್ನು ಡ್ರಿಲ್ ಹಾಕಿ, ಅದರ ಮೇಲೆ ನಟ್ಟು ವೆಲ್ಡ್ ಮಾಡಿ ತೆಗೆಯಲಿಕ್ಕೆ ಒಂದು ಇಡೀ ದಿನ ಹೋಯಿತು.

ಅದಾದ ಮೇಲೆ ನಾನು ಬೋಲ್ಟು ನೋಡುವ ರೀತಿಯೇ ಬದಲಾಯಿತು. ತುಕ್ಕು ಹಿಡಿಯುತ್ತದೋ ಇಲ್ಲವೋ ಎಂಬುದು ಅರ್ಧ ಪ್ರಶ್ನೆ ಅಷ್ಟೇ. ಮೂರು ವರ್ಷ ಬಿಟ್ಟು ಸ್ಪ್ಯಾನರ್ ಹಾಕಿದರೆ ತಿರುಗುತ್ತದಾ ಎಂಬುದು ಉಳಿದರ್ಧ. ಕೆಲವು ಬೋಲ್ಟು ಹೊರಗಿಂದ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತವೆ, ಒಳಗೆ ಥ್ರೆಡ್ಡು ಕಚ್ಚಿಕೊಂಡು ಕೂತಿರುತ್ತದೆ.

ನಮ್ಮ ಕಡೆಯ ತುಕ್ಕೇ ಬೇರೆ

ಹೊರದೇಶದವರ ವಿಡಿಯೋ ನೋಡಿದರೆ ಬರೀ ಉಪ್ಪಿನ ಮಾತು. ಅವರಲ್ಲಿ ಹಿಮ ಕರಗಿಸಲಿಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ನಮ್ಮಲ್ಲಿ ಅದಿಲ್ಲ, ಸರಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಯ ಅಡಿ ಒಣಗುವುದೇ ಇಲ್ಲ. ಮಳೆ ಜಾಸ್ತಿ ಇರುವ ಭಾಗಮಂಡಲ, ನಾಪೋಕ್ಲು ಕಡೆಯವರ ಕಥೆಯೇ ಬೇರೆ, ಮಳೆ ಕಡಿಮೆ ಇರುವ ಕುಶಾಲನಗರದವರ ಕಥೆಯೇ ಬೇರೆ. ತೋಟದ ರಸ್ತೆಯ ಕೆಂಪು ಕೆಸರು ಫ್ಲೇಂಜಿನ (ಪೈಪು ಜೋಡಿಸುವ ಚಪ್ಪಟೆ ತಟ್ಟೆ) ಸಂದಿಯಲ್ಲಿ ಕೂತರೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ, ವಾರಗಟ್ಟಲೆ ನೀರು ಹಿಡಿದುಕೊಂಡಿರುತ್ತದೆ.

ಉಪ್ಪಿಲ್ಲ ಅಂದೆನಲ್ಲ, ಅದೂ ಪೂರ್ತಿ ನಿಜ ಅಲ್ಲ. ಪಿಕಪ್ಪಿನಲ್ಲಿ ಪೊಟ್ಯಾಶ್ ಗೊಬ್ಬರ ಸಾಗಿಸುತ್ತೇವೆ ಅಲ್ವಾ? ಅದು ಪೊಟ್ಯಾಶಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಚೀಲ ಹರಿದು ಚೆಲ್ಲಿದ್ದು ಮಳೆ ನೀರಿನಲ್ಲಿ ಕರಗಿ ಹಲಗೆಯ ಸಂದಿಯಿಂದ ನೇರ ಸೈಲೆನ್ಸರ್ ಮೇಲೆ ಇಳಿಯುತ್ತದೆ. ಇನ್ನೊಂದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕಾಫಿ ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸೇರಿದ ಮೇಲೆ ಅದರ ಹುಳಿ ಇಳಿಯುತ್ತದೆ. ಸುಣ್ಣ ಸೇರುವ ಮುಂಚಿನ ನೀರಿನಲ್ಲಿ ಕತ್ತಿ ಅದ್ದಿ ನೋಡಿ, ಕ್ಷಣದಲ್ಲಿ ಮೇಲೆ ತಾಮ್ರದ ಬಣ್ಣ ಕೂರುತ್ತದೆ. ಅಷ್ಟು ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿ ಹೋಗಿದೆ ಅಂತ ಅರ್ಥ. ಕಾಫಿ ಎಲೆಯ ತುಕ್ಕು ರೋಗಕ್ಕೆ ತಂದ ಮದ್ದು ಗಾಡಿಗೆ ತುಕ್ಕು ಹಿಡಿಸುತ್ತದೆ, ಎಂತ ಮಾಡುವುದು.

ಒಳಗಿನ ನೀರು ಬೇರೆ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಹುಟ್ಟುತ್ತದೆ. ದೂರ ಓಡಿದರೆ ಅದು ಬಿಸಿಗೆ ಹಾರಿ ಹೋಗುತ್ತದೆ. ಮನೆಯಿಂದ ಸೊಸೈಟಿಗೆ, ಅಲ್ಲಿಂದ ಶಾಲೆಗೆ ಅಂತ ಎರಡೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಸೈಲೆನ್ಸರಿನ ಹಿಂದಿನ ಡಬ್ಬ ಬಿಸಿಯೇ ಆಗುವುದಿಲ್ಲ, ನೀರು ಅಲ್ಲೇ ನಿಲ್ಲುತ್ತದೆ. ಕಡಿಮೆ ಓಡಿದ ಗಾಡಿಯ ಸೈಲೆನ್ಸರ್ ಯಾಕೆ ಬೇಗ ಹೋಯಿತು ಅಂತ ಕೇಳುವವರಿಗೆ ಉತ್ತರ ಇದೇ.

ಮೊದಲು ಜಾಗ ನೋಡಿ, ಆಮೇಲೆ ಬೋಲ್ಟು

ಎಲ್ಲ ಕಡೆಗೂ ಒಂದೇ ಜಾತಿಯ ಬೋಲ್ಟು ಹಾಕುವುದು ನಾವು ಮಾಡುವ ಮೊದಲ ತಪ್ಪು. ಮ್ಯಾನಿಫೋಲ್ಡಿನ ಹತ್ತಿರ, ಗಾಡಿ ಲೋಡಿನಲ್ಲಿ ಘಾಟಿ ಹತ್ತುವಾಗ, ಡೀಸೆಲ್ಲಾದರೆ ಹೊಗೆಯ ಬಿಸಿ 500ರಿಂದ 700 ಡಿಗ್ರಿ, ಪೆಟ್ರೋಲಾದರೆ 800 ದಾಟುವುದೂ ಇದೆ. ಸಂಪಾಜೆ ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತಿ ಬಂದು ಬಾನೆಟ್ ಎತ್ತಿದರೆ ಅದರ ಝಳ ಮುಖಕ್ಕೇ ಹೊಡೆಯುತ್ತದೆ. ಅಲ್ಲಿ ಶತ್ರು ನೀರಲ್ಲ, ಬಿಸಿ. ಹಿಂದಿನ ಡಬ್ಬದ ಹತ್ತಿರ ಬಿಸಿ ಬಹಳ ಕಡಿಮೆ, ಅಲ್ಲಿ ಶತ್ರು ನೀರು ಮತ್ತು ಕೆಸರು. ನಡುವಿನ ಜಾಯಿಂಟಿಗೆ ಎರಡೂ ಕಾಟ: ಘಾಟಿ ಹತ್ತಿ ಕಾದಿರುವಾಗಲೇ ಗುಂಡಿಯ ನೀರು ಚಿಮ್ಮಿ ಚುಂಯ್ ಅನ್ನುವುದು ಅದಕ್ಕೇ.

ಇದನ್ನು ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗೋಣ.

ಹೊಳೆಯುವ ಬಿಳಿ ಬೋಲ್ಟು. "ಜಿಐ ಬೋಲ್ಟು ಕೊಡಿ" ಅಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಇದು. ನಿಜವಾದ ಜಿಐ ಅಂದರೆ ಕರಗಿದ ಸತುವಿನಲ್ಲಿ ಮುಳುಗಿಸಿದ್ದು. ಅದು ಮಂಕಾಗಿ, ಸ್ವಲ್ಪ ಒರಟಾಗಿ ಇರುತ್ತದೆ, ಪದರ ದಪ್ಪ ಇರುವುದರಿಂದ ಅದಕ್ಕೆ ಥ್ರೆಡ್ಡು ಅಗಲ ಮಾಡಿದ ನಟ್ಟೇ ಬೇಕು. ಹೊಳೆಯುವುದು ಬರೀ ಜಿಂಕ್ ಪ್ಲೇಟಿಂಗ್, ಕೆಲವೇ ಮೈಕ್ರಾನ್ ದಪ್ಪ. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ, ಒಳ್ಳೆಯ ಗುಣವೇ. ಆದರೆ 200 ಡಿಗ್ರಿ ದಾಟಿದ ಮೇಲೆ ಅದರ ಆಟ ಸಾಗುವುದಿಲ್ಲ, 420ರ ಹತ್ತಿರ ಕರಗಿಯೇ ಹೋಗುತ್ತದೆ. ಅಂದರೆ ಮ್ಯಾನಿಫೋಲ್ಡಿಗೆ ಹಾಕಿದರೆ ಒಂದೇ ಘಾಟಿಗೆ ಅದು ಬರೀ ಕಬ್ಬಿಣದ ಬೋಲ್ಟು. ಹಿಂದಿನ ಬ್ರ್ಯಾಕೆಟ್ಟಿಗೆ, ರಬ್ಬರ್ ನೇತಾಡುವ ಕೊಕ್ಕೆಗೆ ಆದರೆ ಸರಿ. ಅಲ್ಲೂ ಒಂದೆರಡು ಮಳೆಗಾಲದ ಮಾತು.

ಕಂಪನಿ ಬೋಲ್ಟುಗಳಲ್ಲಿ ಕೆಲವು ಬೂದಿ ಬಣ್ಣದ್ದು ಇರುತ್ತವೆ, ಹೊಳಪೇ ಇಲ್ಲ, ನೋಡಿದರೆ ಹಳೆಯದು ಅನ್ನಿಸುತ್ತದೆ. ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಅದು ಸತುವಿನ ಸಣ್ಣ ಸಣ್ಣ ಚಕ್ಕೆಗಳನ್ನು ಬೇಯಿಸಿ ಕೂರಿಸಿದ ಲೇಪ, ಜಿಯೋಮೆಟ್ ಅನ್ನುವುದು ಇದೇ ಜಾತಿ. ಹೊಳೆಯುವ ಪ್ಲೇಟಿಂಗಿಗಿಂತ ಎಷ್ಟೋ ಗಟ್ಟಿ, ಸುಮಾರು 300 ಡಿಗ್ರಿವರೆಗೂ ತಡೆಯುತ್ತದೆ. ನಡುವಿನ ಜಾಯಿಂಟಿಗೆ ಹೇಳಿ ಮಾಡಿಸಿದ್ದು. ತೊಂದರೆ ಏನೆಂದರೆ ಬಿಡಿಯಾಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಕಷ್ಟ, ಕಂಪನಿಯ ಪಾರ್ಟ್ಸ್ ಅಂಗಡಿಯಲ್ಲೇ ಕೇಳಬೇಕು.

ಕಪ್ಪು ಎಚ್‌ಟಿ (ಹೈ ಟೆನ್ಸೈಲ್, ಜಾಸ್ತಿ ಬಲದ) ಬೋಲ್ಟು. ತಲೆಯ ಮೇಲೆ 8.8, 10.9, 12.9 ಅಂತ ಬರೆದಿರುತ್ತದೆ. ಕಪ್ಪು ಬಣ್ಣ ತುಕ್ಕು ತಡೆಯುವುದಿಲ್ಲ, ಡಬ್ಬದಲ್ಲಿರುವವರೆಗೆ ಎಣ್ಣೆ ಹಿಡಿದುಕೊಳ್ಳುತ್ತದೆ ಅಷ್ಟೇ. ಆದರೆ ಬಿಸಿ ಜಾಗದಲ್ಲಿ 8.8 ನಂಬಬಹುದಾದ ಆಳು. ನಂಬರ್ ಜಾಸ್ತಿ ಇದ್ದರೆ ಒಳ್ಳೆಯದು ಅಂತ 12.9 ಅಲನ್ ಬೋಲ್ಟು ಹಾಕುವವರಿದ್ದಾರೆ. ಆ ಶಕ್ತಿ ಬಂದಿರುವುದು ಉಕ್ಕನ್ನು ಹದ ಮಾಡಿದ ರೀತಿಯಿಂದ, ಹದ ಮಾಡಿದ ಬಿಸಿಗಿಂತ ಜಾಸ್ತಿ ಕಾದರೆ ಹದ ಇಳಿಯುತ್ತದೆ. ಸೈಲೆನ್ಸರಿಗೆ 12.9 ದುಡ್ಡು ದಂಡ.

ಇದೇ ಸಾಲಿನಲ್ಲಿ ಬಿ7 ಸ್ಟಡ್ಡು ಬರುತ್ತದೆ. ಬಾಯ್ಲರ್, ಸ್ಟೀಮ್ ಲೈನಿನವರು ಬಳಸುವ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕು. ಬಿಸಿಯಲ್ಲಿ ಬಿಗಿ ಬಿಡುವುದಿಲ್ಲ, ತುಕ್ಕು ಮಾತ್ರ ಹಿಡಿಯುತ್ತದೆ. ಮೈಸೂರಿಗೋ ಬೆಂಗಳೂರಿಗೋ ಹೋಗುವವರ ಕೈಯಲ್ಲಿ ತರಿಸಬೇಕು. ಹಳೆ ಜೀಪು ಇಟ್ಟುಕೊಂಡವರಿಗೆ ಚೆನ್ನ, ಉದ್ದ ರಾಡ್ ತಂದು ಬೇಕಾದಷ್ಟು ಕತ್ತರಿಸಿಕೊಳ್ಳಬಹುದು.

ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಬೋಲ್ಟು: ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ

ಎಲ್ಲರೂ ಹೇಳುವುದು ಒಂದೇ, "ಎಸ್‌ಎಸ್ ಹಾಕಿಬಿಡು, ಮತ್ತೆ ತಲೆಬಿಸಿಯೇ ಇಲ್ಲ." ತಲೆಬಿಸಿ ಇದೆ.

ಮೊದಲನೆಯದು, ಬೆಳ್ಳಗಿರುವುದೆಲ್ಲ ಹಾಲಲ್ಲ. ಅಂಗಡಿಯಲ್ಲಿ ಎಸ್‌ಎಸ್ ಅಂತ ಕೊಡುವುದರಲ್ಲಿ 202 ಎಂಬ ಅಗ್ಗದ ಜಾತಿಯೂ ಇದೆ. ಅದರಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ, ಒಂದು ಮಳೆಗಾಲಕ್ಕೆ ಟೀ ಕಲೆ ಥರ ತುಕ್ಕು ಬಿಡುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಅನ್ನುತ್ತಾರೆ. ಗೊತ್ತಾಗುವುದಿಲ್ಲ. 202 ಕೂಡ ಅಂಟುವುದಿಲ್ಲ, ಒಳ್ಳೆಯ 304 ಬೋಲ್ಟು ಒತ್ತಿ ಮಾಡಿದ್ದರಿಂದ ಸ್ವಲ್ಪ ಅಂಟುವುದೂ ಇದೆ. ತಲೆಯ ಮೇಲೆ ಎ2-70 ಅಂತ ಒತ್ತಿದ್ದರೆ 304ರ ಜಾತಿ, ಎ4-70 ಅಥವಾ ಎ4-80 ಅಂತ ಇದ್ದರೆ 316ರ ಜಾತಿ. ತಲೆ ಬೋಳಾಗಿದ್ದರೆ ನಾನು ಮುಟ್ಟುವುದಿಲ್ಲ.

ಎರಡನೆಯದು ಕಚ್ಚಿಕೊಳ್ಳುವ ಚಾಳಿ. ಎಸ್‌ಎಸ್ ಬೋಲ್ಟಿಗೆ ಎಸ್‌ಎಸ್ ನಟ್ಟು, ಒಣಗಿದ ಹಾಗೇ, ಬೇಗ ಬೇಗ ತಿರುಗಿಸಿದರೆ ಥ್ರೆಡ್ಡಿನ ಮೇಲಿನ ತೆಳು ಪದರ ಉಜ್ಜಿ ಹೋಗಿ ಲೋಹಕ್ಕೆ ಲೋಹ ಅಂಟಿಬಿಡುತ್ತದೆ. ಮನೆ ಜಗಲಿಯಲ್ಲಿ ಕೂತು ಹೊಸ ಕ್ಲ್ಯಾಂಪಿಗೆ ಬ್ಯಾಟರಿ ಗನ್ನಿನಲ್ಲಿ ನಟ್ಟು ಓಡಿಸುತ್ತಿದ್ದೆ. ಅರ್ಧಕ್ಕೆ ಗಕ್ ಅಂತ ನಿಂತಿತು. ಮುಂದೂ ಇಲ್ಲ, ಹಿಂದೂ ಇಲ್ಲ. ನಟ್ಟು ಮುಟ್ಟಿದರೆ ಕೈ ಸುಡುತ್ತಿತ್ತು. ಐದು ನಿಮಿಷದ ಹಿಂದೆ ಪ್ಯಾಕೆಟ್ಟಿನಿಂದ ತೆಗೆದ ಬೋಲ್ಟನ್ನು ಗ್ರೈಂಡರ್ ಹಾಕಿ ಕತ್ತರಿಸಿದೆ. ಥ್ರೆಡ್ಡು ಕಚ್ಚದ ಹಾಗೆ ತಡೆಯುವ ಆಂಟಿ-ಸೀಜ್ ಪೇಸ್ಟು ಹಚ್ಚಿ, ಕೈಯಲ್ಲಿ ನಿಧಾನವಾಗಿ ತಿರುಗಿಸಿದರೆ ಹೀಗಾಗುವುದಿಲ್ಲ.

ಮೂರನೆಯದನ್ನು ಯಾರೂ ಹೇಳುವುದಿಲ್ಲ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. 304 ಕಾದಾಗ ಮಾಮೂಲಿ ಉಕ್ಕಿಗಿಂತ, ಎರಕದ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಒಂದು ಮೀಟರಿಗೆ ಒಂದು ಡಿಗ್ರಿಗೆ ಉಕ್ಕು ಸುಮಾರು 12 ಮೈಕ್ರಾನ್ ಹಿಗ್ಗಿದರೆ ಇದು 17. ಬೋಲ್ಟು ಹಿಡಿದಿರುವ ದಪ್ಪ 25 ಮಿಲಿಮೀಟರ್, ಬಿಸಿ 500 ಡಿಗ್ರಿ ಏರಿತು ಅಂತಿಟ್ಟುಕೊಳ್ಳಿ. ವ್ಯತ್ಯಾಸ ಸುಮಾರು 0.06 ಮಿಲಿಮೀಟರ್, ಒಂದು ಕೂದಲಿನ ದಪ್ಪ. ಅಷ್ಟೇನಾ ಅನ್ನಬೇಡಿ. ನಾವು ಬಿಗಿ ಮಾಡಿದಾಗ ಬೋಲ್ಟು ರಬ್ಬರಿನ ಹಾಗೆ ಎಳೆದುಕೊಂಡು ಹಿಡಿಯುತ್ತದಲ್ಲ, ಆ ಎಳೆತವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಂದರೆ ಕಾದಾಗ ಬಿಗಿ ಪೂರ್ತಿ ಹೋಗಿರುತ್ತದೆ, ತಣ್ಣಗಾದಾಗ ಮುಟ್ಟಿ ನೋಡಿದರೆ ಗಟ್ಟಿಯಾಗೇ ಇರುತ್ತದೆ! ಘಾಟಿಯಲ್ಲಿ ಮಾತ್ರ ಪುಸ್ ಪುಸ್ ಅನ್ನುವ, ಗ್ಯಾರೇಜಿಗೆ ತಂದರೆ ಸುಮ್ಮನಾಗುವ ಲೀಕಿಗೆ ಇದೂ ಒಂದು ಕಾರಣ. ಫ್ಲೇಂಜು ಎರಡೂ ಕಡೆ 304ರದ್ದೇ ಆದರೆ ಜೊತೆಗೇ ಹಿಗ್ಗುತ್ತವೆ, ತೊಂದರೆ ಇಲ್ಲ.

ಅದಲ್ಲದೆ 425ರಿಂದ 860 ಡಿಗ್ರಿ ನಡುವೆ ಬಹಳ ಹೊತ್ತು ಕಾದರೆ 304ರೊಳಗಿನ ಕ್ರೋಮಿಯಂ ಇಂಗಾಲದ ಜೊತೆ ಸೇರಿ ಕಣಗಳ ಅಂಚಿಗೆ ಹೋಗಿ ಕೂರುತ್ತದೆ. ತುಕ್ಕು ತಡೆಯುವುದೇ ಆ ಕ್ರೋಮಿಯಂ, ಅದು ಸಿಕ್ಕಿಹಾಕಿಕೊಂಡ ಮೇಲೆ ಅಂಚುಗಳಲ್ಲಿ ತುಕ್ಕು ಒಳಗೊಳಗೇ ತಿನ್ನುತ್ತದೆ. ಟೈಟಾನಿಯಂ ಸೇರಿಸಿದ 321 ಇದಕ್ಕೆ ಮದ್ದು, ನಮ್ಮೂರ ಅಂಗಡಿಯಲ್ಲಿ ಅದನ್ನು ಕೇಳಿದರೆ ನಗುತ್ತಾರೆ.

ಹಾಗಾದರೆ ಎಸ್‌ಎಸ್ ಬೇಡವಾ? ಬೇಕು, ಹಿಂದಕ್ಕೆ ಬೇಕು. ಹಿಂದಿನ ಡಬ್ಬದ ಫ್ಲೇಂಜು, ಯು ಕ್ಲ್ಯಾಂಪು, ಬ್ರ್ಯಾಕೆಟ್ಟು, ಇಲ್ಲೆಲ್ಲ 304ಕ್ಕೆ ಸಾಟಿ ಇಲ್ಲ. ಪೊಟ್ಯಾಶ್ ಸಾಗಿಸುವ ಪಿಕಪ್ಪು, ಮಾಕುಟ್ಟ ಇಳಿದು ವಾರ ವಾರ ಕಣ್ಣೂರಿನ ಕಡಲ ಗಾಳಿಗೆ ಹೋಗಿ ಬರುವ ಗಾಡಿ ಆದರೆ 316 ಹಾಕಿ. ಅದರಲ್ಲಿರುವ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಕ್ಲೋರೈಡಿನ ಚುಚ್ಚು ತುಕ್ಕನ್ನು ತಡೆಯುತ್ತದೆ. ಬರೀ ಮಳೆ ನೀರಿಗೆ 316 ಬೇಕಾಗಿಲ್ಲ.

ಹಿತ್ತಾಳೆ ನಟ್ಟು

ಹಳೆ ಮೇಸ್ತ್ರಿಗಳ ಉಪಾಯ ಇದು, ಈಗಿನವರು ಮರೆತಿದ್ದಾರೆ. ಉಕ್ಕಿನ ಸ್ಟಡ್ಡಿಗೆ ಉದ್ದನೆಯ ಹಿತ್ತಾಳೆ ನಟ್ಟು. ಸ್ಟಡ್ಡು ತುಕ್ಕು ಹಿಡಿದರೂ ನಟ್ಟು ತುಕ್ಕು ಹಿಡಿಯುವುದಿಲ್ಲ, ಎರಡೂ ಬೇರೆ ಲೋಹ ಆದ್ದರಿಂದ ಕಚ್ಚಿಕೊಳ್ಳುವುದಿಲ್ಲ. ಬಿಚ್ಚುವಾಗ ಏನಾದರೂ ಹಾಳಾಗುವುದಿದ್ದರೆ ನಟ್ಟಿನ ಥ್ರೆಡ್ಡು ಹಾಳಾಗುತ್ತದೆ, ಸ್ಟಡ್ಡು ಉಳಿಯುತ್ತದೆ. ನಟ್ಟಿಗೆ ಎಷ್ಟು ದುಡ್ಡು, ಸ್ಟಡ್ಡು ಮುರಿದರೆ ಎಷ್ಟು ದುಡ್ಡು, ನೀವೇ ಲೆಕ್ಕ ಹಾಕಿ.

ಹಿತ್ತಾಳೆ ಮೆದು, ಅದಕ್ಕೇ ಮಾಮೂಲಿ ನಟ್ಟಿಗಿಂತ ಉದ್ದದ್ದು ತರಬೇಕು, ಮೈಮೇಲೆ ಬಂದವರ ಹಾಗೆ ಬಿಗಿ ಮಾಡಬಾರದು, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಬಾರದು. ಮಾಮೂಲಿ ಡೀಸೆಲ್ ಜೀಪಿಗೆ ಇದು ಚಿನ್ನ. ಟರ್ಬೊ ಇರುವ ಪೆಟ್ರೋಲ್ ಗಾಡಿಯಲ್ಲಿ ಮ್ಯಾನಿಫೋಲ್ಡ್ ಕೆಂಪಗೆ ಕಾಯುವುದರಿಂದ ಅಲ್ಲಿ ಹಿತ್ತಾಳೆ ಬೇಡ, ತಾಮ್ರ ಲೇಪಿಸಿದ ಉಕ್ಕಿನ ಲಾಕ್ ನಟ್ಟು ಬರುತ್ತದೆ, ಅದನ್ನು ತನ್ನಿ. ಉಕ್ಕಿನ ಬಲ ಇರುತ್ತದೆ, ತಾಮ್ರದ ಕಾರಣ ಕಚ್ಚುವುದೂ ಇಲ್ಲ.

ಇನ್ಕೊನೆಲ್ ಅಂತ ಇನ್ನೊಂದಿದೆ, ನಿಕ್ಕಲ್ ಮಿಶ್ರಲೋಹ. ರೇಸ್ ಗಾಡಿಯವರಿಗೆ ಇರಲಿ, ನಮಗೆ ಮೂಗಿಗಿಂತ ಮೂಗುತಿ ಭಾರ.

ನೈಲಾಕ್ ನಟ್ಟನ್ನು ಮಾತ್ರ ಸೈಲೆನ್ಸರ್ ಹತ್ತಿರ ತರಲೇಬೇಡಿ. ಒಳಗಿನ ಬಿಳಿ ಅಥವಾ ನೀಲಿ ಉಂಗುರ ನೈಲಾನ್, 120 ಡಿಗ್ರಿ ಆಸುಪಾಸಿಗೇ ಅದರ ಕಥೆ ಮುಗಿಯಿತು. ಸ್ಪ್ರಿಂಗ್ ವಾಷರ್ ಕೂಡ ಕಾದು ಕಾದು ಚಪ್ಪಟೆಯಾಗುತ್ತದೆ. ಪೂರ್ತಿ ಲೋಹದ ಲಾಕ್ ನಟ್ಟೇ ಬೇಕು.

ನಾನು ಈಗ ಹಾಕಿರುವುದು

ಮ್ಯಾನಿಫೋಲ್ಡಿಗೆ ಕಂಪನಿ ಸ್ಟಡ್ಡು, ಮೇಲೆ ಹಿತ್ತಾಳೆ ನಟ್ಟು. ನಡುವಿನ ಗುಂಡು ಜಾಯಿಂಟಿನಲ್ಲಿ ಸ್ಪ್ರಿಂಗ್ ಬೋಲ್ಟು ಇದೆ, ಅದಕ್ಕೆ ಕಂಪನಿಯದೇ. ಇಲ್ಲಿ ಬುದ್ಧಿವಂತಿಕೆ ಬೇಡ: ಆ ಬೋಲ್ಟಿನ ಕತ್ತಿನ ಉದ್ದವೇ ಸ್ಪ್ರಿಂಗ್ ಎಷ್ಟು ಅದುಮಬೇಕು ಅಂತ ನಿರ್ಧರಿಸುತ್ತದೆ. ಅದರ ಬದಲು ಉದ್ದ ಎಸ್‌ಎಸ್ ಬೋಲ್ಟು ಹಾಕಿ ಸ್ಪ್ರಿಂಗನ್ನು ಪೂರ್ತಿ ಅದುಮಿದರೆ ಜಾಯಿಂಟ್ ಅಲುಗಾಡುವುದಿಲ್ಲ, ಎಂಜಿನ್ ಅಲುಗಿದಾಗೆಲ್ಲ ಪೈಪಿಗೇ ಪೆಟ್ಟು, ಎಲ್ಲಾದರೂ ಒಂದು ಕಡೆ ಸೀಳುತ್ತದೆ. ಹಿಂದೆ ಎಲ್ಲ 304, ಪೇಸ್ಟು ಹಚ್ಚಿ.

ಪೇಸ್ಟಿನ ಬಗ್ಗೆ ಒಂದು ಮಾತು. ತಾಮ್ರದ ಆಂಟಿ-ಸೀಜ್ ಸಾಕು, ಎಸ್‌ಎಸ್ ಮೇಲೆ ನಿಕ್ಕಲ್‌ನದು ಇನ್ನೂ ಒಳ್ಳೆಯದು. ಗ್ರೀಸು ಬೇಡ, ಸುಟ್ಟು ಕರಿಯಾಗುತ್ತದೆ. ಪೇಸ್ಟನ್ನು ಹೊಗೆ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರಿನ ತುದಿಗೆ ತಾಗಿಸಬೇಡಿ. ಪೇಸ್ಟು ಹಚ್ಚಿದ ಥ್ರೆಡ್ಡು ಜಾರುವುದರಿಂದ ಅಷ್ಟೇ ಬಲ ಹಾಕಿದರೂ ಬೋಲ್ಟು ಜಾಸ್ತಿ ಎಳೆಯುತ್ತದೆ. ಒಣ 8.8 ಬೋಲ್ಟಾದರೆ ಎಂ8ಕ್ಕೆ (8 ಮಿಲಿಮೀಟರ್ ದಪ್ಪದ್ದು) 20ರಿಂದ 25 ನ್ಯೂಟನ್ ಮೀಟರ್, ಎಂ10ಕ್ಕೆ 40ರಿಂದ 50. ಪೇಸ್ಟು ಹಚ್ಚಿದರೆ ಅದರಲ್ಲಿ ಕಾಲು ಭಾಗ ಕಡಿಮೆ ಮಾಡಿ. ಹಿತ್ತಾಳೆಗೆ ಇನ್ನೂ ಕಡಿಮೆ. ಗಾಡಿಯ ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ದರೆ ಅದೇ ಸರಿ.

ಅಳತೆಯಲ್ಲೂ ಮೋಸ ಹೋಗುತ್ತೇವೆ. ಎಂ10 ಅಂದರೆ ಹಾರ್ಡ್‌ವೇರ್ ಅಂಗಡಿಯವರು ಕೊಡುವುದು 1.5ರ ದಪ್ಪ ಥ್ರೆಡ್ಡು (ಒಂದು ಎಳೆಯಿಂದ ಇನ್ನೊಂದಕ್ಕೆ 1.5 ಮಿಲಿಮೀಟರ್), ಕಾರುಗಳಲ್ಲಿ ಎಷ್ಟೋ ಕಡೆ 1.25ರ ಸಣ್ಣ ಥ್ರೆಡ್ಡು ಇರುತ್ತದೆ. ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿ. ಬಿಗಿ ಇದೆ ಅಂತ ಸ್ಪ್ಯಾನರ್ ಹಾಕಿದರೆ ಎರಡೂ ಹಾಳು. ಹಳೇ ಸ್ಟಡ್ಡನ್ನೋ ನಟ್ಟನ್ನೋ ಜೇಬಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಬೆರಳಲ್ಲಿ ಕೊನೆವರೆಗೆ ತಿರುಗಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಹಳೆಯದನ್ನು ಬಿಚ್ಚುವ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಬೆಳಿಗ್ಗೆ ಮೊದಲು ಒಂಚೂರು ಬಿಗಿ ಮಾಡಿ ಆಮೇಲೆ ಸಡಿಲಿಸಿ. ಗ್ಯಾಸ್ ಹಿಡಿದು ಕಾಯಿಸುವುದಾದರೆ ಪೆಟ್ರೋಲ್ ಟ್ಯಾಂಕು ಎಲ್ಲಿದೆ ನೋಡಿಕೊಳ್ಳಿ. ಜಿಂಕ್ ಬೋಲ್ಟು ಕಾದಾಗ ಏಳುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಶೆಡ್ಡಿನ ಬಾಗಿಲು ತೆರೆದಿರಲಿ.

ಹೊಸದು ಹಾಕಿ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ, ಗಾಡಿ ತಣ್ಣಗಿರುವಾಗ, ಪ್ಯಾಕಿಂಗ್ ಇರುವ ಜಾಯಿಂಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ. ಹೊಸ ಪ್ಯಾಕಿಂಗ್ ಕೂತು ನನ್ನದರಲ್ಲಿ ಕಾಲು ಸುತ್ತು ಸಿಕ್ಕಿತ್ತು. ಎರಡು ಸ್ಟಡ್ಡು, ನಾಲ್ಕು ಹಿತ್ತಾಳೆ ನಟ್ಟು ಹಳೇ ಮಾತ್ರೆ ಡಬ್ಬಿಯಲ್ಲಿ ಹಾಕಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ. ಕೆಟ್ಟ ರಸ್ತೆಯಲ್ಲಿ ಗಲಗಲ ಅನ್ನುತ್ತದೆ, ಮನೆಯವಳು ಅದೂ ಸೈಲೆನ್ಸರೇ ಅಂದುಕೊಂಡಿದ್ದಾಳೆ.